ಮೂವರಿದ್ದರೆ ಟ್ರಿಯೋ, ಮೂವತ್ತು ಜನರಿದ್ದರೆ? ಸಂಗೀತ ತಂಡಕ್ಕೆ ಸರಿಯಾದ ಹೆಸರು ಹುಡುಕುವ ಬಗೆ

ಗಣೇಶ ಚೌತಿ ಬಂತೆಂದರೆ ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮಗಳ ಭರಾಟೆ ಶುರು. ದಸರಾ, ರಾಜ್ಯೋತ್ಸವ, ವಾರ್ಷಿಕೋತ್ಸವ ಅಂತ ಜನವರಿ ತನಕ ಯಾರಿಗೂ ಪುರುಸೊತ್ತಿರುವುದಿಲ್ಲ. ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋಗುವ ಹೊತ್ತಿಗೆ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. 'ಮೂವರು ನುಡಿಸುತ್ತಾರೆ, ಟ್ರಿಯೋ ಅಂತ ಹಾಕಬಹುದಾ?' 'ಹದಿನೈದು ಜನ ಹಾಡುತ್ತಾರೆ, ವೃಂದ ಅನ್ನಬೇಕಾ, ಮೇಳ ಅನ್ನಬೇಕಾ?' 'ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡಿನವರು ಅಲ್ವಾ, ವಯಲಿನ್ ತಂಡಕ್ಕೆ ಹಾಗೆ ಬರೆದರೆ ಬೇಜಾರು ಮಾಡಿಕೊಳ್ಳುತ್ತಾರಾ?'

ಈ ಪದಗಳು ಎಲ್ಲಿಂದ ಬಂದವು ಎಂದು ಗೊತ್ತಾದರೆ ಉತ್ತರ ತಾನಾಗಿಯೇ ಸಿಗುತ್ತದೆ. ಎಲ್ಲರೂ ಮೊದಲು ತಲೆ ಎಣಿಸುತ್ತಾರೆ. ಆದರೆ ತಲೆ ಎಣಿಕೆಯಿಂದ ಹುಟ್ಟಿದ ಪದಗಳು ಕೆಲವೇ ಕೆಲವು. ಎಲ್ಲಿ ಕೂರುತ್ತಾರೆ, ಯಾರ ಸೇವೆಯಲ್ಲಿದ್ದರು, ಹೇಗೆ ಸೇರಿ ನುಡಿಸುತ್ತಾರೆ, ಇವುಗಳಿಂದ ಹುಟ್ಟಿದ ಹೆಸರುಗಳೇ ಜಾಸ್ತಿ. ಹಾಗಾಗಿ ತಂಡದಲ್ಲಿ ಎಷ್ಟು ಜನ ಎಂದು ಕೇಳುವ ಜೊತೆಗೆ, ನೀವು ಬಳಸಹೊರಟ ಪದ ಏನನ್ನು ಎಣಿಸುತ್ತದೆ ಎಂದೂ ಕೇಳಬೇಕು.

ಕೆಲಸಕ್ಕೆ ಕೂರುವ ಮೊದಲು ಮೂರು ವಿಷಯ ಕೈಯಲ್ಲಿರಲಿ. ಕಲಾವಿದರ ಪೂರ್ತಿ ಪಟ್ಟಿ, ಪ್ರತಿಯೊಬ್ಬರ ಹೆಸರಿನ ಎದುರು ಅವರ ವಾದ್ಯ. ತಂಡದ ಮುಖ್ಯಸ್ಥರ ಫೋನ್ ನಂಬರು. ಒಂದು ಒಳ್ಳೆಯ ನಿಘಂಟು.

ಹಂತ 1: ಯಾರನ್ನು ಎಣಿಸಬೇಕು ಎಂದು ತೀರ್ಮಾನಿಸಿ

ಹಿಂದೂಸ್ತಾನಿ ಗಾಯನ ಇದೆ ಎಂದುಕೊಳ್ಳಿ. ವೇದಿಕೆಯ ಮೇಲೆ ಗಾಯಕರು, ತಬಲಾ, ಹಾರ್ಮೋನಿಯಂ, ಹಿಂದೆ ತಂಬೂರಿ ಹಿಡಿದ ಇಬ್ಬರು ಶಿಷ್ಯರು. ಒಟ್ಟು ಐದು ಜನ. ಆದರೆ ಇದು ಐವರ ತಂಡವಲ್ಲ, ಒಬ್ಬರ ಗಾಯನ. ಉಳಿದವರದು ಸಾಥ್, ಅಂದರೆ ಜೊತೆ ಕೊಡುವುದು. ಕರ್ನಾಟಕ ಸಂಗೀತದಲ್ಲಿ ಇದನ್ನೇ ಪಕ್ಕವಾದ್ಯ ಎನ್ನುತ್ತೇವೆ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆಂದು ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗುವವರಿಗೆ ಈ ಲೆಕ್ಕ ಬಾಯಿಪಾಠ. ಹೊಸದಾಗಿ ಆಮಂತ್ರಣ ಪತ್ರಿಕೆ ಬರೆಯುವವರು ಮಾತ್ರ ಇಲ್ಲಿ ಎಡವುತ್ತಾರೆ. ಮುಖ್ಯ ಕಲಾವಿದರ ಹೆಸರು ಮೇಲೆ ಬರಲಿ, ಸಾಥ್ ಕೊಡುವವರ ಹೆಸರು ವಾದ್ಯದ ಸಮೇತ ಕೆಳಗಿನ ಸಾಲಿನಲ್ಲಿ ಬರಲಿ. ಯಾರ ಹೆಸರನ್ನೂ ಬಿಡಬೇಡಿ.

ಇಬ್ಬರು ಮುಖ್ಯ ಕಲಾವಿದರು ಸರಿಸಮನಾಗಿ ನುಡಿಸಿದರೆ ಅದು ಜುಗಲ್‌ಬಂದಿ. ಜುಗಲ್ ಎಂಬುದು ಸಂಸ್ಕೃತದ ಯುಗಳವೇ. ನಾವು ಯುಗಳ ಗೀತೆ ಅನ್ನುತ್ತೇವಲ್ಲ, ಅದೇ ಯುಗಳ. ಬಂದಿ ಎಂದರೆ ಕಟ್ಟು. ಎರಡನ್ನು ಜೋಡಿಸಿ ಕಟ್ಟಿದ್ದು ಎಂದರ್ಥ. ಇದರಿಂದ ಎರಡು ಪಾಠ ಸಿಗುತ್ತವೆ. ಮೊದಲನೆಯದು, ಇಬ್ಬರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ ಬರಬೇಕು. ಎರಡನೆಯದು, 'ಮೂವರ ಜುಗಲ್‌ಬಂದಿ' ಎಂದು ಬರೆಯಬಾರದು. ಜೋಡಿ ಎಂಬ ಮಾತು ಹೆಸರಿನ ಒಳಗೇ ಕೂತಿದೆ. ಸಿತಾರ್, ಕೊಳಲು, ವಯಲಿನ್ ಮೂರೂ ಸರಿಸಮ ಇದ್ದರೆ 'ತ್ರಿವಳಿ ವಾದನ' ಎನ್ನಿ, ಇಲ್ಲವೇ 'ಮೂವರ ವಾದನ' ಎನ್ನಿ.

ಹಂತ 2: ಅಂಕಿಯಿಂದ ಹುಟ್ಟಿದ ಹೆಸರುಗಳನ್ನು ಗುರುತಿಸಿ

ಪಾಶ್ಚಾತ್ಯ ಸಂಗೀತದಲ್ಲಿ ಒಂದರಿಂದ ಹತ್ತರ ತನಕ ಹೆಸರುಗಳ ಒಂದು ಸಾಲೇ ಇದೆ. ಹೆಚ್ಚಿನವು ಇಟಲಿಯ ಭಾಷೆಯಿಂದ ಬಂದವು, ಅದರ ಹಿಂದೆ ಲ್ಯಾಟಿನ್ ಇದೆ.

ಸೋಲೋ ಎಂದರೆ ಒಂಟಿ. ಲ್ಯಾಟಿನ್ನಿನ ಸೋಲುಸ್ ಇದರ ಮೂಲ. ದುಯೋ ಎಂದರೆ ಎರಡು. ಅದಕ್ಕೆ 'ಪುಟ್ಟ' ಎಂಬ ಅರ್ಥದ ಬಾಲ ಸೇರಿ ದುಯೆತ್ತೊ ಆಯಿತು, ಇಂಗ್ಲಿಷಿಗೆ ಬಂದು ಡ್ಯುಯೆಟ್ ಆಯಿತು. ಟ್ರಿಯೋ ಮೂರರಿಂದ ಬಂತು. ಕ್ವಾರ್ಟೆಟ್ ಹುಟ್ಟಿದ್ದು 'ನಾಲ್ಕನೆಯ' ಎಂಬ ಅರ್ಥದ ಕ್ವಾರ್ತೊ ಎಂಬ ಪದದಿಂದ, ನಾಲ್ಕು ಎಂಬ ಪದದಿಂದ ಅಲ್ಲ. ಕ್ವಿಂಟೆಟ್ ಕೂಡ 'ಐದನೆಯ' ಎಂಬುದರಿಂದ ಬಂದದ್ದು. ಆರು ಜನರ ತಂಡಕ್ಕೆ ಇಟಾಲಿಯನ್ನಿನಲ್ಲಿ ಸೆಸ್ತೆತ್ತೊ ಎಂದಿತ್ತು. ಇಂಗ್ಲಿಷಿನವರು ಲ್ಯಾಟಿನ್ನಿನ ಆರು ಎಂಬ ಪದಕ್ಕೆ ಹೊಂದಿಸಿ ಅದನ್ನು ಸೆಕ್ಸ್‌ಟೆಟ್ ಮಾಡಿಕೊಂಡರು. ಮುಂದೆ ಏಳಕ್ಕೆ ಸೆಪ್ಟೆಟ್, ಎಂಟಕ್ಕೆ ಆಕ್ಟೆಟ್, ಒಂಬತ್ತಕ್ಕೆ ನೋನೆಟ್, ಹತ್ತಕ್ಕೆ ಡೆಕ್ಟೆಟ್. ನೋನೆಟ್ ಬಳಕೆ ಕಡಿಮೆ. ಡೆಕ್ಟೆಟ್ ಇನ್ನೂ ಅಪರೂಪ. ಹತ್ತು ದಾಟಿದರೆ ಅಂಕಿಯ ಹೆಸರು ಯಾರೂ ಹೇಳುವುದಿಲ್ಲ.

ಲ್ಯಾಟಿನ್ನಿನ ದುಯೋ, ಸೆಪ್ತೆಮ್, ಒಕ್ತೊ, ದೆಕೆಮ್ ಕೇಳಿದ ಕೂಡಲೇ ನಮಗೆ ದ್ವಿ, ಸಪ್ತ, ಅಷ್ಟ, ದಶ ನೆನಪಾಗುತ್ತವೆ. ಹೌದು, ಅವು ನಂಟಿನ ಪದಗಳೇ. ಆದರೆ ಸೆಪ್ಟೆಟ್ ಸಂಸ್ಕೃತದಿಂದ ಹೋದ ಪದ ಎಂದು ವರದಿಯಲ್ಲಿ ಬರೆಯಬೇಡಿ. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಅಂಕಿಗಳ ಹೆಸರನ್ನು ಒಂದು ಇನ್ನೊಂದರಿಂದ ಕಡ ತಂದದ್ದಲ್ಲ.

ಈ ಹಂತದಲ್ಲೇ ತಪ್ಪುಗಳು ಜಾಸ್ತಿ ಆಗುತ್ತವೆ. ಹಾಗಾಗಿ ಸ್ವಲ್ಪ ನಿಧಾನ ಮಾಡಿ.

ಮೊದಲ ಅಪಾಯ ಅನುವಾದದಲ್ಲಿದೆ. ಸೆಪ್ಟೆಟ್‌ಗೆ ಸಪ್ತಕ, ಆಕ್ಟೆಟ್‌ಗೆ ಅಷ್ಟಕ, ಡೆಕ್ಟೆಟ್‌ಗೆ ದಶಕ ಎಂದು ಹಾಕಿದರೆ ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ಪದಗಳಿಗೆ ಬೇರೆ ಕೆಲಸ ಇದೆ. ಸಪ್ತಕ ಎಂದರೆ ಷಡ್ಜದಿಂದ ನಿಷಾದದ ತನಕದ ಏಳು ಸ್ವರಗಳ ಸಾಲು. ಮಂದ್ರ ಸಪ್ತಕ, ತಾರ ಸಪ್ತಕ ಎಂದು ಗಾಯಕರು ದಿನಾ ಹೇಳುವ ಮಾತು. ಪಾಶ್ಚಾತ್ಯರು ಮೇಲಿನ ಷಡ್ಜವನ್ನೂ ಸೇರಿಸಿ ಎಣಿಸುವುದರಿಂದ ಅದೇ ಅಂತರಕ್ಕೆ ಎಂಟರ ಹೆಸರು ಕೊಟ್ಟು ಆಕ್ಟೇವ್ ಎನ್ನುತ್ತಾರೆ. ಅಷ್ಟಕ ಎಂದರೆ ಎಂಟು ಶ್ಲೋಕಗಳ ಸ್ತೋತ್ರ. ದಶಕ ಎಂದರೆ ಹತ್ತು ವರ್ಷ. ಇನ್ನು ತ್ರಿಮೂರ್ತಿ ಎಂದರೆ ಕರ್ನಾಟಕ ಸಂಗೀತದಲ್ಲಿ ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿ. ನಿಮ್ಮ ಬಡಾವಣೆಯ ಮೂವರು ಗಿಟಾರ್ ಹುಡುಗರಿಗೆ ಆ ಹೆಸರು ಬೇಡ.

ಎರಡನೆಯ ಅಪಾಯ ವಾದ್ಯದ ಹೆಸರು ಸೇರಿದಾಗ ಬರುತ್ತದೆ. ಪಿಯಾನೋ ಟ್ರಿಯೋ ಎಂದರೆ ಮೂರು ಪಿಯಾನೋ ಅಲ್ಲ. ಒಂದು ಪಿಯಾನೋ, ಒಂದು ವಯಲಿನ್, ಒಂದು ಚೆಲ್ಲೋ (ನೆಲಕ್ಕೂರಿ ನುಡಿಸುವ, ವಯಲಿನ್ ಥರದ ದೊಡ್ಡ ವಾದ್ಯ). ಪಿಯಾನೋ ಕ್ವಿಂಟೆಟ್ ಎಂದರೆ ಸಾಮಾನ್ಯವಾಗಿ ಒಂದು ಪಿಯಾನೋ ಜೊತೆಗೆ ಸ್ಟ್ರಿಂಗ್ ಕ್ವಾರ್ಟೆಟ್. ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ವಿಯೋಲಾ ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗಿನದು. ಜರ್ಮನ್ ಸಂಗೀತ ರಚನೆಕಾರ ಮೆಂಡೆಲ್‌ಸನ್ ತನ್ನ ಹದಿನಾರನೆಯ ವಯಸ್ಸಿನಲ್ಲಿ, 1825ರಲ್ಲಿ ಬರೆದ ಆಕ್ಟೆಟ್‌ನಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್‌ನ ವಾದ್ಯಗಳೆಲ್ಲ ಇಮ್ಮಡಿಯಾಗಿವೆ. ನಾಲ್ಕು ವಯಲಿನ್, ಎರಡು ವಿಯೋಲಾ, ಎರಡು ಚೆಲ್ಲೋ.

ಮೂರನೆಯದು ಇನ್ನೂ ಸೂಕ್ಷ್ಮ. ಈ ಪದಗಳು ತಂಡಕ್ಕೂ ಸಲ್ಲುತ್ತವೆ, ಆ ತಂಡಕ್ಕೆಂದು ರಚಿಸಿದ ಕೃತಿಗೂ ಸಲ್ಲುತ್ತವೆ. ಹದಿನೇಳು, ಹದಿನೆಂಟನೆಯ ಶತಮಾನದ ಟ್ರಿಯೋ ಸೊನಾಟಾ ಎಂಬ ರಚನೆಯಲ್ಲಿ ಬರೆದಿಟ್ಟ ಭಾಗಗಳು ಮೂರು, ನುಡಿಸುವವರು ಹೆಚ್ಚಾಗಿ ನಾಲ್ವರು. ಕೆಳಸ್ವರದ ಒಂದು ಭಾಗವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ನೀವು ವೇದಿಕೆ ನೋಡಿ ನಾಲ್ಕು ಎಂದು ಎಣಿಸಿ, ಕೃತಿಯ ಹೆಸರನ್ನು ಕ್ವಾರ್ಟೆಟ್ ಎಂದು 'ತಿದ್ದಿದರೆ' ಕೆಟ್ಟಿತು. ಅನುಮಾನ ಬಂದರೆ ಮುಖ್ಯಸ್ಥರಿಗೆ ಫೋನ್ ಮಾಡಿ 'ಟ್ರಿಯೋ ಅನ್ನೋದು ನಿಮ್ಮ ತಂಡದ ಹೆಸರಾ, ನುಡಿಸುವ ಕೃತಿಯದಾ?' ಎಂದು ಕೇಳಿ. ಅವರಿಗೆ ಖುಷಿಯೇ ಆಗುತ್ತದೆ.

ಗೋವಾದಲ್ಲಿ ಇರುವವರಿಗೆ ಒಂದು ಮಾತು. ತಿಯಾತ್ರ್ ಎಂಬ ಕೊಂಕಣಿ ನಾಟಕಗಳ ಹಾಡುಗಳ ವಿಷಯದಲ್ಲಿ ಡ್ಯುಯೆಟ್, ಟ್ರಿಯೋ ಎಂಬವು ಮನೆಮಾತು. ಇಬ್ಬರು ಹಾಡಿದರೆ ಡ್ಯುಯೆಟ್, ಮೂವರು ಹಾಡಿದರೆ ಟ್ರಿಯೋ, ಅಷ್ಟೇ. ಹಿಂದೆ ಎಷ್ಟು ಜನ ನುಡಿಸುತ್ತಾರೆ ಎಂಬುದು ಲೆಕ್ಕಕ್ಕಿಲ್ಲ. ಮೊದಲ ತಿಯಾತ್ರ್ ನಡೆದದ್ದು 1892ರಲ್ಲಿ, ಅದೂ ಮುಂಬಯಿಯಲ್ಲಿ.

ಕನ್ನಡದಲ್ಲಿ ಏನು ಮಾಡೋಣ? ನಮ್ಮಲ್ಲಿ ಮನುಷ್ಯರನ್ನು ಎಣಿಸಲೆಂದೇ ಬೇರೆ ಪದಗಳಿವೆ. ಇಬ್ಬರು, ಮೂವರು, ನಾಲ್ವರು, ಐವರು. ಹಳಗನ್ನಡದಲ್ಲಿ ಅರುವರ್, ಎಣ್ಬರ್ ಎಂದು ಸಾಲು ಮುಂದುವರಿಯುತ್ತಿತ್ತು. ಈಗ ಐದು ದಾಟಿದರೆ ಆರು ಮಂದಿ, ಎಂಟು ಜನ ಎನ್ನುತ್ತೇವೆ. 'ನಾಲ್ವರ ವಯಲಿನ್ ವಾದನ', 'ಎಂಟು ಮಂದಿಯ ಗಾಯನ' ಎಂದು ಬರೆದರೆ ಓದಿದವರಿಗೆಲ್ಲ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಪತ್ರಿಕೆಯಲ್ಲಿ ಹಾಕಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತಂಡದವರೇ ತಮ್ಮ ಹೆಸರಿನಲ್ಲಿ ಕ್ವಾರ್ಟೆಟ್ ಎಂದು ಇಟ್ಟುಕೊಂಡಿದ್ದರೆ ಮಾತ್ರ ಹಾಗೇ ಇರಲಿ.

ಹಂತ 3: ಕೂರುವ ಜಾಗದಿಂದ, ಮಾಡುವ ಸೇವೆಯಿಂದ ಬಂದ ಹೆಸರುಗಳನ್ನು ನೋಡಿ

ಆರ್ಕೆಸ್ಟ್ರಾ ಮೂಲದಲ್ಲಿ ಒಂದು ಜಾಗದ ಹೆಸರು. ಗ್ರೀಕ್ ಭಾಷೆಯಲ್ಲಿ 'ಕುಣಿ' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಹಳೆಯ ಗ್ರೀಕ್ ರಂಗಮಂದಿರದಲ್ಲಿ ರಂಗದ ಮುಂದಿನ ಬಯಲಿನಲ್ಲಿ ಕೋರಸ್ ಎಂಬ ಗುಂಪು ಹಾಡುತ್ತ ಕುಣಿಯುತ್ತಿತ್ತು. ಆ ಕುಣಿಯುವ ಜಾಗವೇ ಆರ್ಕೆಸ್ಟ್ರಾ. ಎಷ್ಟೋ ಶತಮಾನದ ಮೇಲೆ ಯುರೋಪಿನ ಆಪೆರಾ (ಸಂಗೀತ ನಾಟಕ) ಮಂದಿರಗಳಲ್ಲಿ ವಾದ್ಯದವರು ರಂಗದ ಮುಂದೆ ಕೂತರು. ಜಾಗದ ಹೆಸರು ಅಲ್ಲಿ ಕೂತವರಿಗೆ ಅಂಟಿಕೊಂಡಿತು.

ಇದನ್ನು ಓದುವಾಗ ಯಕ್ಷಗಾನ ನೋಡಿದವರಿಗೆ ಹಿಮ್ಮೇಳ ನೆನಪಾಗದೆ ಇರುವುದಿಲ್ಲ. ಅಲ್ಲಿಯೂ ಹೆಸರು ಬಂದದ್ದು ಜಾಗದಿಂದಲೇ. ಭಾಗವತರು, ಮದ್ದಳೆ, ಚೆಂಡೆ ಹಿಂದೆ, ಅದು ಹಿಮ್ಮೇಳ. ವೇಷ ಕಟ್ಟಿ ಮುಂದೆ ಬರುವವರು ಮುಮ್ಮೇಳ. ಮೇಳ ಎಂದರೆ ಕೂಡುವುದು, ಸೇರುವುದು. ಮುಂಬಯಿಯಲ್ಲಿ ಯಕ್ಷಗಾನದ ಪತ್ರಿಕೆ ಮಾಡುವವರು ಇದನ್ನು ಗಮನಿಸಿ: ಬರೀ 'ಮೇಳ' ಎಂದರೆ ಇಡೀ ಯಕ್ಷಗಾನ ತಂಡ, ವೇಷಧಾರಿಗಳೂ ಸೇರಿ. ವಾದ್ಯ ಮತ್ತು ಹಾಡಿನವರನ್ನಷ್ಟೇ ಹೇಳಬೇಕಾದರೆ ಹಿಮ್ಮೇಳ ಎಂದೇ ಬರೆಯಬೇಕು.

ಆರ್ಕೆಸ್ಟ್ರಾ ಪದದ ಬಗ್ಗೆ ಸಂಕೋಚಪಡುವವರಿಗೆ ಉತ್ತರ ಇಲ್ಲಿದೆ. ನಮ್ಮ ಊರುಗಳಲ್ಲಿ ಅದು ಸಿನಿಮಾ ಹಾಡಿನ ಕಾರ್ಯಕ್ರಮ. ಕರ್ನಾಟಕದಲ್ಲಿ ಅದಕ್ಕೆ ರಸಮಂಜರಿ ಎಂಬ ಚಂದದ ಹೆಸರಿದೆ. ಮುಂಬಯಿಯಲ್ಲಿ ಆರ್ಕೆಸ್ಟ್ರಾ ಬಾರ್ ಎಂಬ ಮಾತೂ ಚಾಲ್ತಿಯಲ್ಲಿರುವುದರಿಂದ ಕೆಲವು ಹಿರಿಯರು ಮುಖ ಸಿಂಡರಿಸುತ್ತಾರೆ. ಸಿನಿಮಾ ಹಾಡಿಗೆ ರಸಮಂಜರಿ ಎಂದು ಹಾಕಿ. ದೊಡ್ಡ ವಾದ್ಯ ತಂಡಕ್ಕೆ ವಾದ್ಯವೃಂದ ಎಂದು ಹಾಕಿ. ಮರಾಠಿಯಲ್ಲೂ ಅದೇ ಪದ ಇರುವುದರಿಂದ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆಕಾಶವಾಣಿ 1952ರಲ್ಲಿ ತನ್ನ ರಾಷ್ಟ್ರೀಯ ತಂಡ ಕಟ್ಟಿದಾಗ ಇಟ್ಟ ಹೆಸರೂ ವಾದ್ಯವೃಂದವೇ.

ಚೇಂಬರ್ ಆರ್ಕೆಸ್ಟ್ರಾ ಎಂದರೆ ಕೋಣೆಯ ಅಳತೆಯ ತಂಡ. ಲ್ಯಾಟಿನ್ನಿನ ಕಾಮೆರಾ ಎಂದರೆ ಕೋಣೆ. ಫೋಟೋ ತೆಗೆಯುವ ಕ್ಯಾಮರಾ ಕೂಡ 'ಕತ್ತಲೆ ಕೋಣೆ' ಎಂಬ ಹೆಸರಿನಿಂದಲೇ ಬಂದದ್ದು. ಅರಮನೆಯ ಕೋಣೆಯಲ್ಲಿ, ಕೆಲವೇ ಜನ ಕೇಳುಗರ ಎದುರು ನುಡಿಸುವ ಸಂಗೀತ ಅದು.

ಕ್ವಾಯರ್ ಮತ್ತು ಕೋರಸ್ ಎರಡೂ ಆ ಗ್ರೀಕ್ ಗುಂಪಿನ ಹೆಸರೇ. ಕ್ವಾಯರ್ ಚರ್ಚಿನ ದಾರಿಯಲ್ಲಿ ಬಂತು, ಕೋರಸ್ ರಂಗದ ದಾರಿಯಲ್ಲಿ. ಈಗಲೂ ಚರ್ಚಿನಲ್ಲಿ ಹಾಡುವವರಿಗೆ ಕ್ವಾಯರ್ ಎಂದೇ ಹೇಳುವುದು ವಾಡಿಕೆ. ಗೋವಾದ ಚರ್ಚ್ ಶಾಲೆಗಳಲ್ಲಿ ಪೋರ್ಚುಗೀಸರ ಕಾಲದಲ್ಲಿ ಮಕ್ಕಳಿಗೆ ಹಾಡು, ವಯಲಿನ್ ಕಲಿಸುತ್ತಿದ್ದವರನ್ನು ಮೆಸ್ತ್ರ ಎನ್ನುತ್ತಿದ್ದರು. ನಮ್ಮ ಗಾರೆ ಕೆಲಸದ ಮೇಸ್ತ್ರಿಯೂ ಅದೇ ಪೋರ್ಚುಗೀಸ್ ಪದ. ಆ ಶಾಲೆಗಳಲ್ಲಿ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿ, ಕಲಿತು ಬಂದವರೇ ಮುಂಬಯಿ ಸಿನಿಮಾ ಸಂಗೀತದ ದೊಡ್ಡ ವಾದ್ಯ ತಂಡಗಳಿಗೆ ಬೆನ್ನೆಲುಬಾದರು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರಲ್ಲಿ ಒಬ್ಬರು. 1958ರಲ್ಲಿ ಅವರು ಮುಂಬಯಿಯಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ನಮ್ಮ ರಾಗಗಳನ್ನು ಆ ದೊಡ್ಡ ತಂಡಕ್ಕೆ ಬರೆದರು.

ಜಾಗದ ಕಥೆಯಲ್ಲಿ ಅತಿ ವಿಚಿತ್ರವಾದದ್ದು ಚಾಪೆಲ್, ಅಂದರೆ ಕ್ರೈಸ್ತರ ಪುಟ್ಟ ಪ್ರಾರ್ಥನಾ ಮಂದಿರ. ಸಂತ ಮಾರ್ಟಿನ್ ಅವರ ಮೇಲುಹೊದಿಕೆಗೆ ಲ್ಯಾಟಿನ್ನಿನಲ್ಲಿ ಕಾಪೆಲ್ಲಾ ಎಂದರು. ಅದನ್ನು ಇಟ್ಟ ಗುಡಿಗೆ ಅದೇ ಹೆಸರಾಯಿತು. ಆಮೇಲೆ ಅಂಥ ಗುಡಿಯಲ್ಲಿ ಹಾಡುವ, ನುಡಿಸುವ ತಂಡಕ್ಕೂ ಆಯಿತು. ಜರ್ಮನ್ ಭಾಷೆಯಲ್ಲಿ ಕಾಪೆಲ್ಲೆ ಎಂದರೆ ಇವತ್ತಿಗೂ ವಾದ್ಯ ತಂಡ. ವಾದ್ಯವಿಲ್ಲದೆ ಹಾಡುವುದಕ್ಕೆ ಅ ಕಾಪೆಲ್ಲಾ, ಅಂದರೆ ಗುಡಿಯ ಶೈಲಿಯಲ್ಲಿ, ಎನ್ನುವುದೂ ಇಲ್ಲಿಂದಲೇ.

ನಮ್ಮ ಓಲಗದ ಕಥೆಯೂ ಇದಕ್ಕೆ ಹತ್ತಿರದ್ದು. ಮದುವೆ ಮನೆಯಲ್ಲಿ 'ವಾಲಗದವರು ಬಂದ್ರಾ?' ಎಂದು ಕೇಳುತ್ತೇವೆ. ಓಲಗ ಎಂದರೆ ಮೊದಲು ಸೇವೆ, ರಾಜನ ಆಸ್ಥಾನ. ಒಡ್ಡೋಲಗ ಎಂದರೆ ತುಂಬಿದ ರಾಜಸಭೆ. ಯಕ್ಷಗಾನದಲ್ಲಿ ಒಡ್ಡೋಲಗ ಈಗಲೂ ಉಂಟು. ಆಸ್ಥಾನದ, ದೇವಸ್ಥಾನದ ಸೇವೆಗೆ ನಿಂತ ವಾದ್ಯದವರಿಗೆ ಸೇವೆಯ ಹೆಸರೇ ಉಳಿಯಿತು. ಎಷ್ಟು ಜನ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಇಬ್ಬರಿದ್ದರೂ ಓಲಗ, ಹತ್ತು ಜನ ಇದ್ದರೂ ಓಲಗ.

ಹಂತ 4: ವೃಂದ ಎಂದು ಬರೆಯುವ ಮೊದಲು ಶಾರ್ಙ್ಗದೇವನನ್ನು ನೆನೆಯಿರಿ

ತಂಡದ ಗಾತ್ರಕ್ಕೆ ತಕ್ಕ ಹೆಸರು ಕೊಡುವ ಕೆಲಸ ಪಶ್ಚಿಮದವರದು ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವ ಎಂಬ ಸಂಗೀತ ಶಾಸ್ತ್ರಕಾರ ಇದನ್ನು ಅಂಕಿ ಸಮೇತ ಬರೆದಿಟ್ಟಿದ್ದಾನೆ. ಅವನು ಇದ್ದದ್ದು ದೇವಗಿರಿಯಲ್ಲಿ, ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ. ದೇವಗಿರಿ ಎಂದರೆ ಈಗಿನ ದೌಲತಾಬಾದ್. ಆ ಸೇವುಣರ ಶಾಸನಗಳು ಕನ್ನಡದಲ್ಲೂ ಇವೆ. ಹಾಗಾಗಿ ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಇದು ಮನೆಯ ಹತ್ತಿರದ ವಿಷಯವೇ.

ಅವನ ಸಂಗೀತರತ್ನಾಕರ ಹೇಳುವಂತೆ ಹಾಡುವವರೂ ನುಡಿಸುವವರೂ ಸೇರಿದ ಗುಂಪು ವೃಂದ. ಉತ್ತಮ ವೃಂದದಲ್ಲಿ ಮುಖ್ಯ ಗಾಯಕರು 4, ಅವರ ಜೊತೆ ದನಿಗೂಡಿಸುವವರು 8, ಗಾಯಕಿಯರು 12, ಕೊಳಲಿನವರು 4, ಮೃದಂಗದವರು 4. ಒಟ್ಟು 32 ಜನ. ಮಧ್ಯಮ ವೃಂದ ಇದರ ಅರ್ಧ, ಅಂದರೆ 16. ಕನಿಷ್ಠ ವೃಂದದಲ್ಲಿ ಮುಖ್ಯ ಗಾಯಕ ಒಬ್ಬನೇ, ಉಳಿದವರೂ ಅದಕ್ಕೆ ತಕ್ಕಂತೆ ಕಡಿಮೆ. ಇನ್ನು ಉತ್ತಮ ವೃಂದಕ್ಕಿಂತ ದೊಡ್ಡ ಗುಂಪಾದರೆ? ಅದಕ್ಕೆ ಕೋಲಾಹಲ ಎಂದು ಹೆಸರು. ಅಲ್ಲಿ ಅದು ಬೈಗುಳವಲ್ಲ, ಗಾತ್ರ ಹೇಳುವ ಪದ.

ಈ ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ. 32ರಲ್ಲಿ 24 ಮಂದಿ ಹಾಡುವವರು. ಕೊಳಲು ನಾಲ್ಕೇ. ಮೃದಂಗ ನಾಲ್ಕೇ. ದನಿಯೇ ಪ್ರಧಾನ, ವಾದ್ಯ ಅದಕ್ಕೆ ಆಸರೆ. ಮುಖ್ಯ ಗಾಯಕರಿಗಿಂತ ದನಿಗೂಡಿಸುವವರು ಸರಿಯಾಗಿ ಎರಡು ಪಟ್ಟು. ಇವತ್ತು ಸುಗಮ ಸಂಗೀತದ ಸಮೂಹ ಗಾಯನ ಏರ್ಪಡಿಸುವವರು ಈ ಲೆಕ್ಕ ಹಿಡಿದು ತಂಡ ಕೂಡಿಸಿದರೂ ಚೆನ್ನಾಗಿಯೇ ಕೇಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಿಮಗೆ ಇದರಿಂದ ಉಪಯೋಗ ಏನು? ಹಾಡು ಮತ್ತು ವಾದ್ಯ ಎರಡೂ ಇರುವ, ಹತ್ತು ಹನ್ನೆರಡಕ್ಕಿಂತ ಹೆಚ್ಚು ಜನರ ತಂಡಕ್ಕೆ ವೃಂದ ಎಂಬ ಪದ ಧೈರ್ಯವಾಗಿ ಹಾಕಿ. ಬರೀ ಹಾಡಿದ್ದರೆ ಗಾಯನವೃಂದ, ಬರೀ ವಾದ್ಯ ಇದ್ದರೆ ವಾದ್ಯವೃಂದ. ಮೂರು ನಾಲ್ಕು ಜನರಿಗೆ ವೃಂದ ಎಂದು ಹಾಕಿ ಪದವನ್ನು ಸಡಿಲ ಮಾಡಬೇಡಿ. ಆರಂಭದಲ್ಲಿ ಪ್ರಶ್ನೆ ಕೇಳಿದ್ದ ಹದಿನೈದು ಜನರ ತಂಡ ಸಲೀಸಾಗಿ ವೃಂದ.

ಹಂತ 5: ಸಾಗುವವರು, ಸುತ್ತ ಕೂರುವವರು

ಬ್ಯಾಂಡ್ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ದಂಡು, ಒಟ್ಟಿಗೆ ಸಾಗುವ ಗುಂಪು. ಫ್ರಾನ್ಸಿನ ಅರಮನೆಯ 24 ವಯಲಿನ್‌ಗಳ ತಂಡಕ್ಕೆ 'ದೊಡ್ಡ ಬಾಂದ್' ಎಂಬ ಹೆಸರಿತ್ತು. ಪುಣೆಯ ಢೋಲ್ ತಾಶಾ ಪಥಕದ ಹೆಸರೂ ದಂಡಿನ ಕಡೆಯಿಂದಲೇ ಬಂದದ್ದು. ಮರಾಠಿಯಲ್ಲಿ ಪಥಕ ಎಂದರೆ ಒಬ್ಬ ಸರದಾರನ ಕೈಕೆಳಗಿನ ಕುದುರೆ ಸವಾರರ ತುಕಡಿ. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಸಾಲಾಗಿ ನಿಂತು, ಒಬ್ಬರ ಸನ್ನೆಗೆ ಒಟ್ಟಿಗೆ ಢೋಲು ಬಾರಿಸುವ ಹುಡುಗ ಹುಡುಗಿಯರನ್ನು ನೋಡಿದರೆ ಆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ಕನ್ನಡ ವರದಿಯಲ್ಲೂ ಪಥಕ ಎಂದೇ ಇರಲಿ. 'ಢೋಲು ಮೇಳ' ಎಂದು ಬದಲಾಯಿಸಿದರೆ ಅದು ಯಾವ ಊರಿನದೂ ಆಗುವುದಿಲ್ಲ. ಹಾಗೆಯೇ ಮುಂಬಯಿಯ ಬೆಂಜೋ ಪಾರ್ಟಿ, ಗೋವಾದ ಚೌತಿಯಲ್ಲಿ ಘುಮಟ್, ಶಾಮೆಳ್ ಎಂಬ ಚರ್ಮವಾದ್ಯಗಳನ್ನು ತಾಳದ ಜೊತೆ ನುಡಿಸುವ ಸುವಾರಿ. ಸ್ಥಳೀಯ ಹೆಸರು ಸ್ಥಳೀಯವಾಗಿಯೇ ಇರಲಿ.

ಮಂಡಳಿ ಎಂದರೆ ವೃತ್ತ, ದುಂಡಗೆ ಕೂತವರು. ಲೋಕಲ್ ಟ್ರೇನಿನ ಡಬ್ಬದಲ್ಲಿ ತಾಳ ಹಿಡಿದು ಹಾಡುವವರೂ ಭಜನಿ ಮಂಡಳವೇ, ನಮ್ಮ ಸಂಘದ ಶನಿವಾರದ ಭಜನಾ ಮಂಡಳಿಯೂ ಅದೇ. ಬಳಗ ಎಂದರೆ ನೆಂಟರಿಷ್ಟರು. ಹವ್ಯಾಸಕ್ಕೆ ಸೇರಿ ಹಾಡುವ ಗೆಳೆಯರಿಗೆ ಬಳಗ ಹೊಂದುತ್ತದೆ, ಸಂಭಾವನೆ ತೆಗೆದುಕೊಂಡು ಬರುವ ವೃತ್ತಿಪರರಿಗೆ ಅಷ್ಟಾಗಿ ಹೊಂದುವುದಿಲ್ಲ. ಎನ್‌ಸೆಂಬಲ್ ಎಂದರೆ ಫ್ರೆಂಚಿನಲ್ಲಿ 'ಒಟ್ಟಿಗೆ' ಅಷ್ಟೇ. ಗಾತ್ರ ತಿಳಿಯದಿದ್ದಾಗ ಅದು ಕೈಹಿಡಿಯುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು 'ತಂಡ' ಮಾಡುತ್ತದೆ.

ಹಂತ 6: ಸಿಂಫನಿಯೋ, ಫಿಲ್‌ಹಾರ್ಮೋನಿಕ್ಕೋ?

ಪಾಶ್ಚಾತ್ಯ ಶೈಲಿಯ ದೊಡ್ಡ ಆರ್ಕೆಸ್ಟ್ರಾಗಳ ಹೆಸರಿನಲ್ಲಿ ಈ ಎರಡು ಪದ ಬರುತ್ತವೆ. ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಸಿಂಫನಿ ಎಂದರೆ ಗ್ರೀಕಿನಲ್ಲಿ 'ಕೂಡಿ ದನಿಗೊಡುವುದು'. ಫಿಲ್‌ಹಾರ್ಮೋನಿಕ್ ಎಂದರೆ 'ಸ್ವರಮೇಳದ ಪ್ರೇಮಿ'. ಗಾತ್ರದಲ್ಲಿ, ವಾದ್ಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಹೆಸರು ಮಾತ್ರ ಬೇರೆ. ಮುಂಬಯಿಯಲ್ಲಿ ಹುಟ್ಟಿದ ಜೂಬಿನ್ ಮೆಹ್ತಾ 1978ರಿಂದ 1991ರ ತನಕ ನಡೆಸಿದ್ದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್. ಅವರ ತಂದೆ ಮೆಹ್ಲಿ ಮೆಹ್ತಾ ಮುಂಬಯಿಯಲ್ಲಿ ಕಟ್ಟಿದ್ದು ಬಾಂಬೆ ಸಿಂಫನಿ ಆರ್ಕೆಸ್ಟ್ರಾ. ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ 2006ರಲ್ಲಿ ಶುರುವಾದದ್ದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ತಂಡ ತನ್ನನ್ನು ಹೇಗೆ ಕರೆದುಕೊಳ್ಳುತ್ತದೋ ಹಾಗೇ ಬರೆಯಿರಿ.

ಹಂತ 7: ಮೂಲವನ್ನು ನೀವೇ ಪರೀಕ್ಷಿಸಿ

ಸ್ಮರಣ ಸಂಚಿಕೆಗೆ ಲೇಖನ ಬರೆಯುವವರು 'ಈ ಪದ ಹೀಗೆ ಹುಟ್ಟಿತು' ಎಂದು ಬರೆಯುವ ಮೊದಲು ನಿಘಂಟು ತೆರೆಯಲೇಬೇಕು. ಕನ್ನಡಕ್ಕೆ ಕಿಟ್ಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಮರಾಠಿಗೆ ಮೋಲ್ಸ್‌ವರ್ತ್ ನಿಘಂಟು. ಮೂರು ಅಂಶ ನೋಡಿ: ಹಳೆಯ ರೂಪ ಏನು, ಯಾವ ಭಾಷೆಯಿಂದ ಬಂತು, ಮೊದಲ ಅರ್ಥ ಏನಿತ್ತು. ಇವು ಮೂರೂ ಸಿಗದಿದ್ದರೆ ಮೂಲದ ವಿಷಯ ಬರೆಯದೆ ಬಿಡಿ.

ಸುಮ್ನೆ ಉಚ್ಚಾರ ಹೋಲುತ್ತದೆ ಎಂದು ನಂಟು ಕಟ್ಟುವುದೇ ದೊಡ್ಡ ಹಳ್ಳ. ನೌಬತ್ ಇದಕ್ಕೆ ಒಳ್ಳೆಯ ಉದಾಹರಣೆ. ಕೋಟೆ ಬಾಗಿಲಿನ ಮೇಲೆ ನಗಾರಿ, ಶಹನಾಯಿ ನುಡಿಸುತ್ತಿದ್ದ ತಂಡ ಅದು. ಹಿಂದಿ, ಮರಾಠಿಯಲ್ಲಿ ನೌ ಎಂದರೆ ಒಂಬತ್ತು. ಹಾಗಾಗಿ 'ಒಂಬತ್ತು ವಾದ್ಯಗಳ ತಂಡ' ಎಂದು ವಿವರಿಸಿಬಿಡಲು ಆಸೆಯಾಗುತ್ತದೆ. ಆದರೆ ಅದು ಅರಬ್ಬಿ ಪದ. ಅರ್ಥ ಸರದಿ, ಪಾಳಿ. ದಿನದ ಗೊತ್ತಾದ ಹೊತ್ತಿಗೆ ನುಡಿಸುತ್ತಿದ್ದುದರಿಂದ ಆ ಹೆಸರು. ಬ್ಯಾಂಡ್‌ಗೂ ಜುಗಲ್‌ಬಂದಿಯ ಬಂದಿಗೂ ಗಂಟು ಹಾಕುವುದೂ ಇದೇ ಥರದ ಆತುರ. ದಂಡು ಎಂಬ ಅರ್ಥದ ಬ್ಯಾಂಡ್ ಬೇರೆ ದಾರಿಯಲ್ಲಿ ಬಂದದ್ದು.

ಕೆಲವು ಕಡೆ ಅಂಕಿ ನಿಜವಾಗಿಯೂ ಇರುತ್ತದೆ, ಆದರೆ ಅದು ಮನುಷ್ಯರ ಅಂಕಿ ಆಗಿರುವುದಿಲ್ಲ. ಕೇರಳದ ಪಂಚವಾದ್ಯದಲ್ಲಿ ತಿಮಿಲ, ಮದ್ದಳ, ಇಲತ್ತಾಳ, ಇಡಕ್ಕ, ಕೊಂಬು ಎಂಬ ಐದು ಬಗೆಯ ವಾದ್ಯಗಳು. ಬಾರಿಸುವವರು ಹತ್ತಾರು ಮಂದಿ. ಮುಂಬಯಿಯ ಉಪನಗರಗಳ ಅಯ್ಯಪ್ಪ ಪೂಜೆಗಳಿಗೆ ಹೋದವರು ಇದನ್ನು ಕಂಡೇ ಇರುತ್ತೀರಿ.

ಹಂತ 8: ಕರಡನ್ನು ಸಾಲು ಸಾಲಾಗಿ ತಿದ್ದಿ

ಒಂದು ಮಾದರಿ ಕರಡು ತೆಗೆದುಕೊಳ್ಳೋಣ. 'ಸಂಜೆ 5ಕ್ಕೆ ಮಕ್ಕಳಿಂದ ವಯಲಿನ್ ಸಪ್ತಕ. 6ಕ್ಕೆ ಐವರು ಕಲಾವಿದರಿಂದ ಹಿಂದೂಸ್ತಾನಿ ಗಾಯನ. 7ಕ್ಕೆ ಸಿತಾರ್, ಕೊಳಲು, ವಯಲಿನ್ ಜುಗಲ್‌ಬಂದಿ. 8ಕ್ಕೆ ಯಕ್ಷಗಾನ ಮೇಳದಿಂದ ಭಾಗವತಿಕೆ ಮಾತ್ರ.'

ಮೊದಲ ಸಾಲು 'ಏಳು ಮಕ್ಕಳ ವಯಲಿನ್ ವಾದನ' ಆಗಲಿ. ಎರಡನೆಯದರಲ್ಲಿ ಐವರು ಎಂಬುದನ್ನು ತೆಗೆದು ಗಾಯಕರ ಹೆಸರು ಹಾಕಿ, ಕೆಳಗೆ ಸಾಥ್: ತಬಲಾ, ಹಾರ್ಮೋನಿಯಂ, ತಂಬೂರಿ ಎಂದು ಹೆಸರುಗಳ ಸಮೇತ ಸೇರಿಸಿ. ಮೂರನೆಯದು 'ತ್ರಿವಳಿ ವಾದನ'. ತಬಲಾದವರನ್ನು ಮರೆಯಬೇಡಿ, ಅವರೂ ಸಾಥ್ ಸಾಲಿಗೆ. ನಾಲ್ಕನೆಯದು 'ಯಕ್ಷಗಾನ ಹಿಮ್ಮೇಳ'.

ಲಿಪಿಯ ವಿಷಯದಲ್ಲೂ ಒಂದು ಎಚ್ಚರ. ಕ್ವಾರ್ಟೆಟ್, ಕ್ವಾರ್ಟೆಟ್ಟ್, ಕ್ವಾರ್ಟೇಟ್ ಎಂದು ಒಂದೇ ಪತ್ರಿಕೆಯಲ್ಲಿ ಮೂರು ಥರ ಬರುವುದುಂಟು. ಒಂದು ರೂಪ ಆರಿಸಿ, ಕೊನೆಯ ತನಕ ಅದನ್ನೇ ಉಳಿಸಿ. ಇಲ್ಲಿನ ಎಷ್ಟೋ ಪ್ರೆಸ್ಸುಗಳಲ್ಲಿ ಡಿಟಿಪಿ ಮಾಡುವವರಿಗೆ ಕನ್ನಡ ಓದಲು ಬರುವುದಿಲ್ಲ, ಅಕ್ಷರದ ಆಕಾರ ನೋಡಿ ಕೂರಿಸುತ್ತಾರೆ. 'ವೃಂದ' ಎಂಬುದರ ಋಕಾರ ಕೆಳಗೆ ಸರಿಯಾಗಿ ಬಂದಿದೆಯೇ, 'ಹಿಮ್ಮೇಳ'ದ ಒತ್ತು ಉಳಿದಿದೆಯೇ ಎಂದು ಪ್ರೂಫ್ ಪ್ರತಿಯಲ್ಲಿ ಬೆರಳಿಟ್ಟು ನೋಡಿ. ಆ ಪ್ರತಿಯ ಫೋಟೋವನ್ನು ತಂಡದ ಮುಖ್ಯಸ್ಥರಿಗೆ ಕಳಿಸಿ, ಅವರು ಸರಿ ಎಂದ ಮೇಲೆಯೇ ಮುದ್ರಣಕ್ಕೆ ಒಪ್ಪಿಗೆ ಕೊಡಿ.